ಮೂರನೆಯ ದಿನದ ನೂಲು

ಮೂರು ದಿನ ನೂಲಬೇಕಾದ ರೇಷ್ಮೆಹುಳುಗಳನ್ನು ಎರಡೇ ದಿನಕ್ಕೆ ಎತ್ತಿಬಿಟ್ಟು ಕಳಿಸಿದ ಮಾಸ್ಕುಗಳನ್ನು ಕಟ್ಟಿಕೊಂಡಿದ್ದ ಏಳು ಮಂದಿ ನರ್ಸುಗಳು ಜ್ವರ ತಗುಲಿ ಸತ್ತರು. ಮರುದಿನ ಮಾಸ್ಕಿನ ಕಾರ್ಖಾನೆ ಎಂದಿನಂತೆ ಬಾಗಿಲು ತೆರೆಯಿತು.

ಹಲಗೆಗಳ ಮೇಲೆ ಸಾಲಾಗಿ ಮಣ್ಣಿನ ಮುಖಗಳು ಮಲಗಿದ್ದವು. ಒಂದೊಂದರ ಮೇಲೂ ಹತ್ತಾರು ರೇಷ್ಮೆಹುಳುಗಳು ತಲೆಯಾಡಿಸುತ್ತ, ಮೂಗು ಬಾಯಿ ಮುಚ್ಚುವಂತೆ ಮಾಸ್ಕು ನೂಲುತ್ತಿದ್ದವು. ಹಿಂದಿನ ದಿನ ಹುಳು ಎತ್ತಲು ಮರೆತಿದ್ದ ಒಂದು ಮುಖದ ಮೇಲೆ, ಹುಳು ಎತ್ತುವ ಕೆಲಸದ ಸೊಣ್ಣಮ್ಮ ಬಗ್ಗಿದ್ದಳು.

“ಏನಕ್ಕ, ನೆಂಟರ ಮುಖ ಕಂಡಂಗಾಯ್ತಾ?” ಎಂದ ಮೇಸ್ತ್ರಿ ಸಂಪಂಗಿ.

“ಇಲ್ಲಿ ನೋಡಪ್ಪ. ಮೂರನೇ ದಿನ ಎಲ್ಲಾವೂ ಮೂಗಿನ ಪಕ್ಕಕ್ಕೇ ಬಂದು ಸೇರ್ಕೊಂಡವೆ, ಸಂದು ಮುಚ್ಚಾಕೆ. ಇವಕ್ಕೆ ಯಾರು ಹೇಳ್ಕೊಟ್ರೋ.”

ಅವಳು ಆ ಮಾಸ್ಕನ್ನು ಬಿಡಿಸಿ ಕಟ್ಟಿಕೊಂಡು ದೀಪದ ಮುಂದೆ ಊದಿದಳು. ಕುಡಿ ಅಲುಗಲಿಲ್ಲ. ಎರಡೇ ದಿನಕ್ಕೆ ತೆಗೆದ ನಿನ್ನೆಯ ರಾಶಿಯಿಂದ ಇನ್ನೊಂದನ್ನು ಕಟ್ಟಿಕೊಂಡು ಊದಿದಳು. ದೀಪ ಆರಿತು. ಹಿಂದೆಲ್ಲ ಪ್ರತಿ ಮಾಸ್ಕನ್ನೂ ಹೀಗೆ ಊದಿ ನೋಡಿಯೇ ಕಳಿಸುತ್ತಿದ್ದರು; ಬೇಡಿಕೆ ಏರಿದ ಮೇಲೆ ಧಣಿ ಅದನ್ನು ನಿಲ್ಲಿಸಿದ್ದ.

“ನೀನೂ ಊದು” ಎಂದಳು. ಸಂಪಂಗಿ ಊದಲಿಲ್ಲ.

“ಆಸ್ಪತ್ರೆ ಲಾರಿ ಗೇಟಲ್ಲಿ ನಿಂತೈತೆ. ಏನೂ ಇಲ್ದೆ ಇರೋದಕ್ಕಿಂತ ಇದೇ ವಾಸಿ. ಇವಕ್ಕೂ ಎರಡು ದಿನ ಆಯ್ತು, ಹುಳ ಎತ್ತಕ್ಕ.”

“ಏನೂ ಇಲ್ದಿದ್ರೆ ಅವ್ರು ಹುಷಾರಾಗಿರ್ತಾರೆ. ನಮ್ದು ಕಟ್ಕೊಂಡ್ರೆ ನಂಬ್ಕೊಂಡು ರೋಗಿ ಬಾಯಿ ಹತ್ರ ಬಗ್ತಾರೆ.”

ಅವನು ಹುಳು ತುಂಬುವ ಮೊರವನ್ನು ಅವಳ ಕೈಗಿಟ್ಟ. ಸೊಣ್ಣಮ್ಮ ಅದನ್ನು ನೆಲಕ್ಕಿಟ್ಟು, ಹಲಗೆಗೆ ಬೆನ್ನು ಕೊಟ್ಟು, ಎರಡೂ ತೋಳು ಚಾಚಿ ನಿಂತಳು.

“ನಾನು ಎತ್ತಲ್ಲ. ಎತ್ತಾಕೆ ಬಂದೋರಿಗೂ ಬಿಡಲ್ಲ.”