ಇಬ್ಬರಿಗಾಗುವಷ್ಟು ಗಾಳಿ

ಕಾರವಾರದ ಕಡಲತಳದ ಕಾಲೊನಿಯಲ್ಲಿ ಪ್ರತಿ ಮನೆಯೂ ತನ್ನ ಗಾಜಿನ ತೊಟ್ಟಿಯ ಗಿಡಗಳನ್ನೇ ನಂಬಿ ಉಸಿರಾಡಬೇಕು. ದಮಯಂತಿಯ ತೊಟ್ಟಿ ಒಬ್ಬರಿಗಷ್ಟೇ ಸಾಲುತ್ತಿತ್ತು. ಐವತ್ತು ದಾಟಿದ ಮೇಲೆ ಅವಳ ಕೈಹಿಡಿದ ಸಾಂತಾನ್, ಮದುವೆಯಾಗಿ ವರ್ಷವಾದರೂ ಮಾಸ್ಕ್ ತೊಟ್ಟು ಬಂದು, ಬೆನ್ನಿನ ಗಾಳಿಚೀಲ ಮುಗಿಯುವ ಮೊದಲೇ ತನ್ನ ಕೋಣೆಗೆ ಹೊರಟುಬಿಡುತ್ತಿದ್ದ.

ಇಂದು ಅವಳು ಇಂಗಾಲದ ಡೈಆಕ್ಸೈಡ್ ತುಂಬಿದ ಸಿಲಿಂಡರನ್ನು ತೊಟ್ಟಿಗೆ ಜೋಡಿಸಿ, ಕವಾಟವನ್ನು ಕೂದಲೆಳೆಯಷ್ಟು ತಿರುಗಿಸಿದಳು. ಅನಿಲ ಹೆಚ್ಚಾದರೆ ತೊಟ್ಟಿಯ ಮೀನುಗಳು ಸಾಯುತ್ತವೆ, ಕಡಿಮೆಯಾದರೆ ಗಿಡಗಳು ಸೊರಗುತ್ತವೆ. ನೀರಿನಲ್ಲಿ ಅನಿಲವೆಷ್ಟಿದೆಯೆಂದು ತೋರಿಸುವ ಪುಟ್ಟ ಗಾಜಿನ ಬುರುಡೆಯಲ್ಲಿದ್ದ ನೀಲಿ ದ್ರಾವಣ ಮೆಲ್ಲಗೆ ಹಸಿರಾಯಿತು; ಅನಿಲ ಹದಕ್ಕೆ ಬಂದಿತ್ತು.

“ಇನ್ನೂ ಸ್ವಲ್ಪ ಬಿಡು ಮಾರಾಯ್ತಿ,” ಎಂದ ಸಾಂತಾನ್.

“ನೀವು ಸುಮ್ನೆ ಕೂತ್ಕೊಳ್ಳಿ. ವರ್ಷ ಕಾದವರಿಗೆ ಈಗೇನು ಅವಸರ?”

ಅವನ ಗಾಳಿಚೀಲ ಇನ್ನೇನು ಮುಗಿಯಬೇಕು, ಅಷ್ಟರಲ್ಲಿ ಎಲೆಎಲೆಯ ಮೇಲೂ ಆಮ್ಲಜನಕದ ಮುತ್ತಿನಂಥ ಗುಳ್ಳೆಗಳು ಮೂಡಿ ಸಾಲುಸಾಲಾಗಿ ಮೇಲೇರತೊಡಗಿದವು. ಮನೆಯ ಗಾಳಿ ಎಷ್ಟು ಜನಕ್ಕೆ ಸಾಕೆಂದು ತೋರಿಸುವ, ಬಾಗಿಲ ಬಳಿಯ ಗಾಳಿಮಾಪಕದ ಅಂಕಿ ಒಂದರಿಂದ ಎರಡಕ್ಕೆ ಏರಿತು. ದಮಯಂತಿ ಮತ್ತೊಮ್ಮೆ ನೋಡಿದಳು. ಎರಡೇ.

ಅವಳೇ ಅವನ ಮಾಸ್ಕ್ ಬಿಚ್ಚಿದಳು. ಸಾಂತಾನ್ ಎದೆತುಂಬ ಉಸಿರೆಳೆದುಕೊಂಡು, ಕಾಲು ಚಾಚಿ ಗೋಡೆಗೊರಗಿದ.

“ರಾತ್ರಿ ಊಟಕ್ಕೆ ಏನು ಮಾಡುವ?” ಎಂದು ಕೇಳಿದ.