ಖಾಲಿಯಾದ ಜಾಗ

"ಜಾಗ ಖಾಲಿ ಆಗೇದ್ರಿ, ಇವತ್ತೇ ಕರ್ಕೊಂಡು ಬರ್ರಿ" ಎಂದು ಸಿಂಧನೂರಿನಿಂದ ಫೋನು ಬಂದಾಗ ಮುಕ್ತಿಯಾರ್ ಮಸ್ಕಿಯ ಸಂತೆಯಲ್ಲಿ ಬಳೆ ಹರವುತ್ತಿದ್ದ. ಹರವಿದ್ದನ್ನೆಲ್ಲ ಪೆಟ್ಟಿಗೆಗೆ ತುಂಬಿ ಮನೆಗೆ ಓಡಿದ. ಎರಡೂ ಕಿಡ್ನಿ ಕೈಕೊಟ್ಟ ಹೆಂಡತಿ ಅರ್ಜುಮಂದಳನ್ನು ಡಯಾಲಿಸಿಸ್‌ಗೆಂದು ಅವನು ಇಷ್ಟು ದಿನ ರಾಯಚೂರಿಗೆ ಕರೆದೊಯ್ಯುತ್ತಿದ್ದ. ಬರುವಾಗ ಅವಳು ಬಸ್ಸಿನ ಸೀಟಿನ ಮೇಲೆ ಹಿಂಡಿದ ಬಟ್ಟೆಯಂತೆ ಬಿದ್ದಿರುತ್ತಿದ್ದಳು. ಹೋಗಲಾಗದ ವಾರ ಕಾಲು ಬಾತು, ಮಲಗಿದರೆ ಉಸಿರು ಕಟ್ಟಿ, ಗೋಡೆಗೊರಗಿ ಕೂತೇ ಬೆಳಗು ಮಾಡುತ್ತಿದ್ದಳು. ಸಿಂಧನೂರಿನಲ್ಲಿ ಧರ್ಮದ ಟ್ರಸ್ಟಿನವರು ಪುಕ್ಕಟೆ ಡಯಾಲಿಸಿಸ್ ಕೇಂದ್ರ ತೆರೆದ ಸುದ್ದಿ ಕೇಳಿ ಹೆಸರು ಬರೆಸಿ ಬಂದಿದ್ದ. ಅಲ್ಲಿ ಮಷೀನು ಕೆಲವೇ, ಕಾಯುವವರು ಬಹಳ.

ನರ್ಸ್ ಶಾಹೀಸ್ತಾ ಕಿಟಕಿಯ ಪಕ್ಕದ ಮಂಚ ತೋರಿಸಿದಳು. ಸೂಜಿ ಚುಚ್ಚುವಾಗ ಅರ್ಜುಮಂದ್ ಮುಖ ಕಿವುಚಲಿಲ್ಲ. "ಎಷ್ಟು ಹತ್ರ ಆತಲ್ರಿ! ಇನ್ನ ಮ್ಯಾಲೆ ಹೊಳ್ಳಿ ಹೋಗಿ ನಾನೇ ರೊಟ್ಟಿ ಬಡೀತೀನಿ" ಎಂದು ಗಂಡನತ್ತ ನೋಡಿ ನಕ್ಕಳು. ಅವಳು ನಕ್ಕು ಎಷ್ಟು ದಿನವಾಗಿತ್ತೋ. ಮುಕ್ತಿಯಾರ್‌ಗೆ ನಿಲ್ಲಲಾಗಲಿಲ್ಲ. ಹೊರಗೆ ಹೋಗಿ ಪೇಡೆ ತಂದು ಎಲ್ಲರಿಗೂ ಹಂಚುತ್ತ ಬಂದ. ವರಾಂಡದ ಬೆಂಚಿನ ಮೇಲೆ ವಯಸ್ಸಾದ ಹೆಂಗಸೊಬ್ಬಳು ಸೆರಗು ಹೊದ್ದು ಕೂತಿದ್ದಳು.

"ತಗೋರಿ ಅವ್ವಾರ, ಬಾಯಿ ಸಿಹಿ ಮಾಡ್ಕೋರಿ."

"ಏನು ಖುಷಿ ಸುದ್ದಿ ಯಪ್ಪಾ?"

"ನಮ್ಮ ಮನಿಯಾಕಿಗೆ ಇಲ್ಲಿ ಜಾಗ ಸಿಕ್ಕೈತ್ರಿ. ಭಾಳ ದಿನದಿಂದ ದೇವ್ರನ್ನ ಬೇಡಾಕತ್ತಿದ್ದೆ. ಇವತ್ತು ಕಣ್ಣು ತೆರೆದ ನೋಡ್ರಿ."

ಅವಳು ಸೆರಗಿನೊಳಗಿಂದ ಕೈ ಚಾಚಿದಳು. ಮುಂಗೈ ಬರಿದಾಗಿತ್ತು. ಬಳೆಗಳಿದ್ದಲ್ಲಿ ಚರ್ಮ ಬೆಳ್ಳಗಿತ್ತು, ಅದರ ಮೇಲೆ ಒಡೆದ ಗಾಜಿನ ಗೀರುಗಳು ಇನ್ನೂ ಹಸಿಯಾಗಿದ್ದವು. ಹುಟ್ಟಿದಾಗಿನಿಂದ ಹೆಂಗಸರ ಕೈ ನೋಡುತ್ತಲೇ ಬೆಳೆದವನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಪೇಡೆ ಹಿಡಿದ ಅವನ ಕೈ ಅರ್ಧಕ್ಕೇ ನಿಂತಿತು. ಅವಳೇ ಅದನ್ನು ತೆಗೆದುಕೊಂಡಳು.

ಅಷ್ಟರಲ್ಲಿ ಶಾಹೀಸ್ತಾ ಮಡಿಚಿದ ಕೌದಿಯೊಂದನ್ನು ತಂದಳು. "ಪಾರ್ವತೆಮ್ಮಾರ, ನಿಮ್ಮ ಯಜಮಾನ್ರ ಕೌದಿ. ಒಗಿಸಿ ಇಟ್ಟಿದ್ದೆ."

ಪಾರ್ವತೆಮ್ಮ ಕೌದಿಯನ್ನು ಎದೆಗವಚಿಕೊಂಡು ಮುಕ್ತಿಯಾರ್‌ನನ್ನು ಕೇಳಿದಳು, "ಕಿಡಕಿ ಕಡೀ ಮಂಚ ಕೊಟ್ಟಾರೇನು?"

"ಹೌದ್ರಿ... ಅವ್ವಾರ, ನಾ ಹಿಂಗಾಗ್ಲಿ ಅಂತ ಬೇಡಿದ್ದಿಲ್ರಿ."

"ಗೊತ್ತೈತಿ ತಮ್ಮಾ. ಮನ್ಯಾಗ ಅಂಥ ಜೀವ ಇಟ್ಕೊಂಡು ಬೇಡದ ಇರಾಕ ಆಗತದೇನು? ನಿನ್ನ ಹೇಣ್ತಿ ಬದುಕ್ಲಿ."

ಪೇಡೆಯನ್ನು ಬಾಯಿಗೆ ಹಾಕಿಕೊಳ್ಳದೆ ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಜವಳಗೇರಾದ ಬಸ್ಸು ತಪ್ಪೀತೆಂದು ಅವಳು ಮೆಲ್ಲಗೆ ಮೆಟ್ಟಿಲಿಳಿದಳು. ಮುಕ್ತಿಯಾರ್ ಅವಳೆದ್ದ ಬೆಂಚಿನ ಮೇಲೆ ಕುಸಿದು ಕೂತ. ಬೇಡುವಾಗ ತನ್ನ ಕಣ್ಣ ಮುಂದೆ ಇದ್ದದ್ದು ಅರ್ಜುಮಂದಳೊಬ್ಬಳೇ. ಆ ಮಂಚದ ಮೇಲೆ ಆಗಲೇ ಯಾರೋ ಮಲಗಿದ್ದಾರೆಂಬುದು ಒಮ್ಮೆಯೂ ಹೊಳೆದಿರಲಿಲ್ಲ.

ಸ್ವಲ್ಪ ಹೊತ್ತಿಗೆ ಲಿಂಗಸುಗೂರು ಕಡೆಯಿಂದ ದುರುಗೇಶನೆಂಬುವನು ಬಂದ. ಅವನ ತಾಯಿ ಹೊರಗೆ ಆಟೋದಲ್ಲಿ ಮಲಗಿದ್ದಳಂತೆ. ಶಾಹೀಸ್ತಾ ತಲೆ ತಗ್ಗಿಸಿಯೇ ಹೇಳಿದಳು, "ಎಲ್ಲಾ ತುಂಬ್ಯಾವ ಅಣ್ಣಾರ. ಖಾಲಿ ಆದ ಕೂಡಲೇ ಫೋನ್ ಮಾಡ್ತೀವಿ."

ಅವನು ಬಂದು ಮುಕ್ತಿಯಾರ್‌ನ ಪಕ್ಕ ಕೂತ. ಬಾಗಿಲ ಗಾಜಿನಾಚೆ ಒಂದೊಂದೇ ಮಂಚ ನೋಡುತ್ತ ಹೋಗಿ ಕಿಟಕಿಯ ಬಳಿ ಅವನ ಕಣ್ಣು ನಿಂತಿತು.

"ಅವ್ರು ನಿಮ್ಮ ಮನಿಯವ್ರೇನ್ರಿ? ಭಾಳ ಸೊರಗ್ಯಾರ. ಹೆಂಗದಾರ ಈಗ?"

ದನಿಯಲ್ಲಿ ಕನಿಕರವೇ ಇತ್ತು. ಮುಕ್ತಿಯಾರ್ ಎದ್ದು ಹೋಗಿ, ಆ ಗಾಜಿಗೆ ಬೆನ್ನು ಕೊಟ್ಟು, ಅವನಿಗೆ ಒಳಗಿನದು ಕಾಣದಂತೆ ಅಡ್ಡಲಾಗಿ ನಿಂತ.