ಹಡಗು ಏರಿದ ದಿನ

ಅಟ್ಟದ ಮೇಲೆ ತಾಮ್ರದ ಹಂಡೆ ಇರಲಿಲ್ಲ. ಬೆಳ್ಳಿಯ ತಾಟೂ ಇರಲಿಲ್ಲ. ಕಾಜಲ ಏಣಿಯ ಮೇಲೆ ನಿಂತು ಇನ್ನೊಮ್ಮೆ ಕೈಯಾಡಿಸಿದಳು. ಸಿಕ್ಕಿದ್ದು ಧೂಳು. ಧೂಳಿನ ನಡುವೆ ಹಂಡೆ ಕೂತಿದ್ದ ದುಂಡನೆಯ ಗುರುತು.

"ಏನ್ ಹುಡಕಾಕತ್ತಿ?" ಕೆಳಗಿನಿಂದ ಅಜ್ಜಿ ಗಂಗೂಬಾಯಿಯ ದನಿ.

"ಏನಿಲ್ಲಜ್ಜಿ."

"ಏನಿಲ್ಲದ್ದನ್ನ ಹುಡಕಾಕ ಏಣಿ ಯಾಕ ಬೇಕ? ಇಳಿ. ಹಡಗು ಎಲ್ಲಿಗೆ ಬಂತು ಹೇಳು."

ಹಡಗು ಅಂದರೆ ಷೇರು. ತೀರಿಹೋದ ಅಜ್ಜ ಧನಪಾಲ ನಿಪ್ಪಾಣಿಯಲ್ಲಿ ತಂಬಾಕಿನ ವ್ಯಾಪಾರ ಮಾಡಿದವರು. ಸಮುದ್ರ ಕಂಡವರಲ್ಲ. ಆದರೂ ಹಡಗಿನ ಕಂಪನಿಯೊಂದರ ಷೇರನ್ನು, ಯಾರೂ ಮೂಸಿ ನೋಡದ ಕಾಲದಲ್ಲಿ, ಭೋಜ ಊರಿನ ಈ ಮನೆಗೆ ತಂದು ತುಂಬಿದ್ದರು. "ಹಡಗಿನ ಧಂದೆ ನಮ್ಮ ತಂಬಾಕಿನಂಗ. ನಾಕ ವರ್ಷ ಕೇಳವ್ರ ಇರೂದಿಲ್ಲ, ಐದನೇದ್ದಕ್ಕ ಮನಿ ಬಾಗಲಿಗೆ ಬರ್ತಾರ" ಅನ್ನುತ್ತಿದ್ದರು. ಹೋಗುವಾಗ ಹೆಂಡತಿಗೆ ಒಂದೇ ಮಾತು ಹೇಳಿದ್ದರು: "ಷೇರು ಮಾತ್ರ ಕೈ ಬಿಡಬ್ಯಾಡ. ಎಮ್ಮಿ ಇಟ್ಕೊಂಡು ಹಾಲು ಕುಡಿ."

ಹಾಲು ಅಂದರೆ ಡಿವಿಡೆಂಡು. ಹಡಗಿನ ಬಾಡಿಗೆ ಏರಿದ ವರ್ಷ ಕೊಡ ತುಂಬ, ಬಿದ್ದ ವರ್ಷ ಲೋಟದ ತಳ. ಕಾಜಲಳ ಬಿ.ಕಾಂ. ಮುಗಿದದ್ದು ಆ ಹಾಲಿನಲ್ಲೇ.

ಅಜ್ಜಿಯ ಕಣ್ಣಿಗೆ ಪೊರೆ ಬಂದಿತ್ತು. ಬೆಳಗಾದರೆ ಮೊಬೈಲಿನಲ್ಲಿ ದರ ನೋಡಿ ಹೇಳುವುದು ಕಾಜಲಳ ಪಾಲಿನ ಕೆಲಸ. ಮೊದಲು ಡಿವಿಡೆಂಡು ಬಂದಾಗ ಮಾತ್ರ ಹಡಗು ನೆನಪಾಗುತ್ತಿತ್ತು. ಹೋದ ವರ್ಷ ಊರಲ್ಲಿ ಮುನಿಗಳ ಚಾತುರ್ಮಾಸ ಮುಗಿದಂದಿನಿಂದ ಅಜ್ಜಿಗೆ ದಿನವೂ ಅದೇ ಚಡಪಡಿಕೆ. ನಡುವೆ ಕೆಲ ತಿಂಗಳು ಏರಿದ್ದ ದರ ಈಗ ಇಳಿಯತೊಡಗಿತ್ತು.

"ಮತ್ತ ಇಳದೈತಿ ಅಜ್ಜಿ."

ಅಜ್ಜಿ ಕಣ್ಣು ಮುಚ್ಚಿ ಬಸದಿಯ ದಿಕ್ಕಿಗೆ ಕೈ ಮುಗಿದರು. ತುಟಿ ಅಲುಗಿತು.

ಸಂಜೆ ಧೈರ್ಯ ಮಾಡಿ, ಅಜ್ಜಿ ಎಲ್ಲಿಗೆ ಹೋಗಿದ್ದರೆಂದು ಟಂಟಂ ಆಟೋ ಓಡಿಸುವ ಮಲಕಾರಿಯನ್ನು ಕೇಳಿದಳು.

"ನಿಮ್ಮಜ್ಜಿನ? ನಿಪ್ಪಾಣ್ಯಾಗ ಸರಾಫನ ಅಂಗಡಿಗೆ ಹೋಗಿ ಬೆಳ್ಳಿ ತಾಟು ತೂಗಿಸಿದ್ರು. ಮುಂದಿಂದು ಯಾರಿಗೂ ಹೇಳಬ್ಯಾಡ ಅಂದಾರ್ರಿ. ನಾ ಏನೂ ಹೇಳಿಲ್ಲ ನೋಡ್ರಿ ಮತ್ತ!"

ಸಾಕಿತ್ತು. ಷೇರಿನಲ್ಲಾದ ನಷ್ಟವನ್ನು ಲಗ್ನದ ಖರ್ಚಿಗೆ ತುಂಬಿಕೊಳ್ಳಲು ಅಜ್ಜಿ ತಮ್ಮ ಪಾತ್ರೆ ಪಡಗ ಮಾರುತ್ತಿದ್ದಾರೆ. ಇನ್ನು ಉಳಿದದ್ದು ಕೈಯಲ್ಲಿನ ಪಾಟ್ಲಿ. ಆ ದಪ್ಪ ಬಂಗಾರದ ಬಳೆಗಳನ್ನು ತಿರುವುತ್ತಲೇ ಕಾಜಲ ಚಿಕ್ಕಂದಿನಲ್ಲಿ ನಿದ್ದೆ ಹೋಗುತ್ತಿದ್ದಳು. "ನಿನ್ನ ಲಗ್ನಕ್ಕ ಇವು" ಎಂದು ಅಜ್ಜಿ ಆಗಲೇ ಅಂದಿದ್ದರು. ದೀಪಾವಳಿ ಆಗುತ್ತಲೇ ಲಗ್ನ. ಆ ಪಾಟ್ಲಿ ಸರಾಫನ ತಕ್ಕಡಿಗೆ ಬೀಳಬಾರದು.

ನೇರವಾಗಿ ಕೇಳಿದ್ದರೆ ಮುಗಿಯುತ್ತಿತ್ತು. ಕೇಳುವುದೊಂದೇ ಕಾಜಲಳಿಗೆ ಬಾರದ ವಿದ್ಯೆ. ಮನೆಗೆ ನೆಂಟರು ಬಂದರೆ ನೀರು ಕೊಟ್ಟು ಒಳಗೆ ಓಡುವ ಹುಡುಗಿ ಅವಳು. ಸುಳ್ಳು ಸಲೀಸಾಗಿ ಕಂಡಿತು. ಏರಿದೆ ಅಂದರೆ ಮಾರುವುದು ನಿಲ್ಲುತ್ತದೆಂದು ಮರುದಿನ ಬೆಳಿಗ್ಗೆ ಹೇಳಿಬಿಟ್ಟಳು:

"ಏರೈತಿ ಅಜ್ಜಿ."

ಅಜ್ಜಿಯ ಜಪಮಾಲೆ ನಿಂತಿತು. "ಏರೈತಿ? ಎಷ್ಟ?"

ಬಾಯಿಗೆ ಬಂದಷ್ಟು ಹೇಳಿದಳು. ಅಜ್ಜಿ ಬೆರಳು ಮಡಚುತ್ತ ಲೆಕ್ಕಕ್ಕೆ ಕೂತರು. ಖುಷಿಗೆ ಲಾಭ ಎಣಿಸುತ್ತಿದ್ದಾರೆ ಅಂದುಕೊಂಡಳು ಕಾಜಲ.

ಮಧ್ಯಾಹ್ನದ ಹೊತ್ತಿಗೆ ಅಜ್ಜಿಯ ಹೊಲಿಗೆ ಯಂತ್ರ ಮಾಯ.

ಸುಳ್ಳು ಸಣ್ಣದಾಯಿತು, ನಷ್ಟದ ಗುಂಡಿ ದೊಡ್ಡದಿದೆ. ಕಾಜಲ ಮರುವಾರ ಇನ್ನಷ್ಟು ಏರಿಸಿದಳು. ಅಜ್ಜಿ ತವರಿನಿಂದ ತಂದಿದ್ದ ತೂಗುಮಂಚ ಹೋಯಿತು.

ಕಾಜಲಳ ಅಪ್ಪ ಸಮ್ಮೇದ, ಸಕ್ಕರೆ ಕಾರ್ಖಾನೆಯ ಪಾಳಿ ಮುಗಿಸಿ ಬಂದವರು, ಪಡಸಾಲೆಯಲ್ಲೇ ನಿಂತುಬಿಟ್ಟರು. "ಅವ್ವಾ, ತೂಗುಮಂಚ ಎಲ್ಲೈತಿ?"

"ಕಾಲಿಗೆ ಎಡವತಿತ್ತಪಾ."

"ತೊಲಿಗೆ ಕಟ್ಟಿದ ಮಂಚ ಕಾಲಿಗೆ ಹ್ಯಾಂಗ ಎಡವತೈತಿ?"

"ನಿನಗ ಎಡವಲಿಲ್ಲ. ನನಗ ಎಡವಿತು. ಹೊತ್ತು ಮುಳಗೂದ್ರಾಗ ಉಣ್ಣು ಬಾ."

ಕಾಜಲಳಿಗೆ ಒಂದೇ ಕೆಲಸವಾಯಿತು. ದಿನವಿಡೀ ಮೊಬೈಲು ತೆಗೆಯುವುದು, ನೋಡುವುದು, ಮುಚ್ಚುವುದು. ನಿಜವಾದ ದರ ಜಾರುತ್ತಲೇ ಇತ್ತು. ಅವಳ ಬಾಯಲ್ಲಿನ ದರ ಏರುತ್ತಲೇ ಇತ್ತು. ಕೊನೆಗೊಂದು ಬೆಳಿಗ್ಗೆ ಎಲ್ಲವನ್ನೂ ಒಂದೇ ಏಟಿಗೆ ಮುಗಿಸಲು ನಿರ್ಧರಿಸಿದಳು.

"ಎಂದೂ ಇಲ್ಲದಷ್ಟ ಏರೈತಿ ಅಜ್ಜಿ! ಇನ್ನ ಯಾವ ಚಿಂತಿನೂ ಇಲ್ಲ."

ಅಜ್ಜಿ ಕೈಯ ಪಾಟ್ಲಿಯನ್ನು ಒಂದು ಸುತ್ತು ತಿರುವಿದರು. ಎದ್ದರು. "ಇವತ್ತ ನೀನೂ ಬಾ. ನನಗ ಒಬ್ಬಾಕಿಗೆ ಆಗೂದಿಲ್ಲ."

ಮಲಕಾರಿಯ ಟಂಟಂ ಸರಾಫನ ಅಂಗಡಿಯ ಮುಂದೆ ನಿಂತಿತು. ಸಾಬೂನು ಹಚ್ಚಿ ಪಾಟ್ಲಿ ಬಿಚ್ಚಿದರು, ತೂಗಿಸಿದರು. ಕಾಜಲ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು. ತೆರೆದಾಗ ಅಜ್ಜಿ ಪಾಟ್ಲಿಯನ್ನು ಸೆರಗಿಗೆ ಕಟ್ಟಿಕೊಂಡು ಹೊರಟಿದ್ದರು. ಸರಾಫ ಒಂದು ನೋಟನ್ನೂ ಎಣಿಸಿರಲಿಲ್ಲ.

ಅಲ್ಲಿಂದ ಹೋದದ್ದು ನಿಪ್ಪಾಣಿಯ ಬಸದಿಯ ಹಿಂದಿನ ಹೆಣ್ಣುಮಕ್ಕಳ ವಸತಿಗೃಹಕ್ಕೆ. ಅಂಗಳದ ಒಲೆಯ ಮೇಲೆ ಕಾಜಲಳ ಮನೆಯ ತಾಮ್ರದ ಹಂಡೆ. ಪಡಸಾಲೆಯಲ್ಲಿ ಅಜ್ಜಿಯ ಹೊಲಿಗೆ ಯಂತ್ರ. ತೂಗುಮಂಚದ ಮೇಲೆ ನಾಲ್ಕು ಹುಡುಗಿಯರು ಕಿಲಕಿಲ ಜೀಕುತ್ತಿದ್ದರು. ಮೇಲ್ವಿಚಾರಕಿ ಓಡಿ ಬಂದು ಅಜ್ಜಿಯ ಕಾಲಿಗೆರಗಿದಳು. ಅಜ್ಜಿ ಸೆರಗಿನ ಗಂಟು ಬಿಚ್ಚಿ ಪಾಟ್ಲಿಯನ್ನು ಅವಳ ಕೈಗಿಟ್ಟರು.

ಮರಳುವಾಗ ಅಜ್ಜಿಯ ಬರಿಗೈ ಮೇಲೆ ದುಂಡನೆಯ ಬಿಳಿ ಗುರುತು. ಕಾಜಲ ಅದನ್ನೇ ನೋಡುತ್ತಿದ್ದಳು.

"ಯಾಕ ಕೊಟ್ಟಿ ಅಜ್ಜಿ?" ಕೊನೆಗೂ ಕೇಳಿದಳು.

"ಚಾತುರ್ಮಾಸದಾಗ ಮುನಿಗಳ ಮುಂದ ನೇಮ ಹಿಡದೀನಿ ಯವ್ವಾ. ನನ್ನ ಹೆಸರಿಲೆ ಇರೂ ಆಸ್ತಿಗೆ ಒಂದ ಗೆರಿ. ಗೆರಿ ದಾಟಿದ್ದು ನನ್ನದಲ್ಲ, ಕೊಟ್ಟುಬಿಡಬೇಕು. ಷೇರು ಬಿಡಬ್ಯಾಡ ಅಂದಾರ ನಿಮ್ಮಜ್ಜ. ಅದಕ್ಕ ಹಡಗು ಏರಿದಷ್ಟೂ ಬೆಲಿ ಕಟ್ಟಿಸಿ ಮನಿಯಾಗಿಂದು ಇಳಿಸಿದೆ. ನೇಮ ಸಾರಕೋತ ತಿರಗಬಾರದಂತ ಬಾಯಿ ಬಿಡಲಿಲ್ಲ."

ಅಜ್ಜಿ ಮೊಮ್ಮಗಳ ಕೈಯನ್ನು ತಮ್ಮ ಬರಿಗೈಯಲ್ಲಿ ಹಿಡಿದುಕೊಂಡರು.

"ಇಳೀಲಿ, ಇಳೀಲಿ ಅಂತ ದಿನಾ ಕೈ ಮುಗೀತಿದ್ದೆ. ಇದೊಂದ ಸರ್ತಿ ಇಳದಿದ್ರ, ಆ ಪಾಟ್ಲಿ ನಿನಗ ಉಳೀತಿದ್ದುವು ನೋಡು."